ಆರೂಕಾಲರ ಊಟ

ಪಕ್ಕದ ಮನೆಯ ಐಸಮ್ಮ ಬೂತಾಯಿ ಹುರಿಯುತ್ತಿದ್ದಾರೆ. ಕಾವಲಿಗೆ ಮೀನು ಬಿದ್ದ ಸದ್ದು ಗೋಡೆ ದಾಟುವ ಮೊದಲೇ ಅದರ ಪರಿಮಳ ಬಂದು ನಮ್ಮ ಅಡುಗೆಮನೆಯಲ್ಲಿ ಕುಳಿತುಬಿಟ್ಟಿದೆ. ನೀವು ಮೀನು ತಿನ್ನದವರಾದರೆ ಇದನ್ನು ಪರಿಮಳ ಎಂದದ್ದಕ್ಕೆ ನನ್ನನ್ನು ಕ್ಷಮಿಸಬೇಕು. ಗಡಿಯಾರ ನೋಡಿದೆ. ಆರು ಗಂಟೆ ಹತ್ತು ನಿಮಿಷ. ಇನ್ನೂ ಬೆಳಕಿದೆ.

ನಿನ್ನೆ ಡಾಕ್ಟರು ನನ್ನ ಸಕ್ಕರೆಯ ರಿಪೋರ್ಟು ನೋಡಿ, "ರಾತ್ರಿ ಊಟ ಎಷ್ಟು ಗಂಟೆಗೆ ಅಮ್ಮ?" ಎಂದು ಕೇಳಿದರು. ಒಂಬತ್ತೂವರೆ, ಒಮ್ಮೊಮ್ಮೆ ಹತ್ತು ಎಂದೆ. "ಕತ್ತಲಾಗುವ ಮೊದಲು ಮುಗಿಸ್ಲಿಕ್ಕೆ ಆಗ್ತದಾ?" ಎಂದರು. ನನಗೆ ನಗು ಬಂತು. ನಿನ್ನೆ ಮೊನ್ನೆ ಕಾಲೇಜು ಮುಗಿಸಿ ಬಂದ ಹುಡುಗ, ತನ್ನನ್ನೇ ನೋಡಿ ನಗುತ್ತಿದ್ದೇನೆ ಎಂದುಕೊಂಡು ಕೆಂಪಾದರು. ಪಾಪ, ಆ ವಿದ್ಯೆಯಲ್ಲಿ ನಾನು ಅವರಿಗಿಂತ ಹಿರಿಯಳು ಎಂಬುದು ಅವರಿಗೇನು ಗೊತ್ತು? ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಸಂಜೆ ಆರೂಕಾಲಕ್ಕೆ ಊಟ ಮಾಡಿದವಳು ನಾನು. ಆ ಊಟಕ್ಕಾಗಿ ಒಂದು ಸುಳ್ಳನ್ನೂ ಹೇಳಿದ್ದೆ. ಆ ಸುಳ್ಳಿನ ಕಥೆಯನ್ನು ನಿಮ್ಮೊಡನೆ ಹೇಳಿಕೊಳ್ಳಬೇಕು.

ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಮೊದಲ ಟೀಚರ್ ಕೆಲಸ ಸಿಕ್ಕಿದ್ದು ಮೂಡುಬಿದಿರೆಯ ಹತ್ತಿರದ ಪುತ್ತಿಗೆಯಲ್ಲಿ. ಉಳಿದುಕೊಳ್ಳಲು ಒಂದು ಜೈನರ ಮನೆಯ ಚಾವಡಿ ಪಕ್ಕದ ಕೋಣೆ ಸಿಕ್ಕಿತು. ಮನೆಯೊಡತಿ ಸುಮತಿಯಮ್ಮ. ಅವರು ಹಾಕಿದ್ದು ಎರಡೇ ಷರತ್ತು. ಮೀನು ಮೊಟ್ಟೆ ಒಳಗೆ ಬರಬಾರದು. ಸೂರ್ಯ ಮುಳುಗುವ ಮೊದಲು, ಆರೂಕಾಲಕ್ಕೆಲ್ಲ, ಅವರೊಟ್ಟಿಗೆ ಕುಳಿತು ಊಟ ಮುಗಿಸಬೇಕು. ಕತ್ತಲಾದ ಮೇಲೆ ಆ ಮನೆಯ ಒಲೆ ಉರಿಯುವುದಿಲ್ಲ. ಮೊದಲ ವಾರ ನಾನು ರಾತ್ರಿ ಒಂಬತ್ತಕ್ಕೆ ಹಸಿದು, ಟ್ರಂಕಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಸದ್ದಾಗದ ಹಾಗೆ ಬಿಚ್ಚಿ ತಿಂದೆ. ಎರಡನೆಯ ವಾರ ಬಿಸ್ಕತ್ತು ಮೆತ್ತಗಾಯಿತು, ನನ್ನ ಹಠವೂ ಮೆತ್ತಗಾಯಿತು.

ಆ ಮನೆಯಲ್ಲಿ ನನಗೆ ಅತ್ಯಂತ ಅಚ್ಚರಿಯಾಗಿದ್ದು ಬೇರೆಯೇ ಸಂಗತಿ. ಅವರ ಯಜಮಾನರಿಗೆ ಮೂಡುಬಿದಿರೆ ಪೇಟೆಯಲ್ಲಿ ವ್ಯಾಪಾರ. ಕೆಲವು ದಿನ ಬಸ್ಸು ತಡವಾಗಿ ಅವರು ಬರುವಾಗ ಹೊತ್ತು ಮೀರಿರುತ್ತಿತ್ತು. ನಮ್ಮ ಮನೆಗಳಲ್ಲಾದರೆ ಹೆಂಗಸರು ಬಾಗಿಲು ನೋಡುತ್ತಾ ಕೂರುತ್ತಿದ್ದರು. ಸುಮತಿಯಮ್ಮ ಅಂಗಳಕ್ಕಿಳಿದು ಆಕಾಶ ನೋಡುತ್ತಿದ್ದರು. ಹೊತ್ತಾಯಿತೆಂದರೆ ಒಳಗೆ ಬಂದು ಗಂಡನ ಬಟ್ಟಲನ್ನು ಕವುಚಿ ಹಾಕಿ, ತಾನು ಬಡಿಸಿಕೊಂಡು ಉಣ್ಣುತ್ತಿದ್ದರು. ಸಿಟ್ಟಿಲ್ಲ, ಸಂಕೋಚವೂ ಇಲ್ಲ. ತಡವಾಗಿ ಬಂದವರು ಕವುಚಿದ ಬಟ್ಟಲು ನೋಡಿ ಕಾಲು ತೊಳೆದು ಮಲಗುತ್ತಿದ್ದರು.

ಒಂದು ದಿನ ತಡೆಯಲಾರದೆ ಕೇಳಿದೆ. "ಅವರು ಬರುವ ಮೊದಲೇ ಉಣ್ಲಿಕ್ಕೆ ನಿಮಗೆ ಬೇಜಾರಾಗುದಿಲ್ಲವಾ?"

"ಯಾಕೆ ಟೀಚರ್ರೇ? ಗಂಡಸರು ಬರುವ ಹೊತ್ತು ಯಾರಿಗೆ ಗೊತ್ತು? ಸೂರ್ಯ ಹೋಗುವ ಹೊತ್ತು ಎಲ್ಲರಿಗೂ ಗೊತ್ತುಂಟು" ಎಂದು ನನಗೆ ಇನ್ನೊಂದು ಸೌಟು ಸಾರು ಬಡಿಸಿದರು.

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎನ್ನುತ್ತಾರಲ್ಲ, ಆ ಗಾದೆಯನ್ನು ಕಟ್ಟಿದವನು ಗಂಡಸೇ ಇರಬೇಕು ಎಂದು ನನಗೆ ಯಾವಾಗಲೂ ಅನುಮಾನ. ಮದುವೆಯಾಗಿ ಬಂಟ್ವಾಳಕ್ಕೆ ಬಂದ ಮೇಲೆ ಅನುಮಾನ ಗಟ್ಟಿಯಾಯಿತು. ಬಿ.ಸಿ. ರೋಡಿನಲ್ಲಿ ಇವರದ್ದು ಪಂಪು ಮೋಟಾರು ರಿಪೇರಿಯ ಅಂಗಡಿ. ಮನೆಗೆ ಬರುವಾಗ ಒಂಬತ್ತೂವರೆ. ಅಲ್ಲಿಯವರೆಗೆ ಅತ್ತೆ, ಅಂದರೆ ನಾನು ಮಾಮಿ ಎಂದು ಕರೆಯುತ್ತಿದ್ದವರು, ಒಂದು ಮಣೆಯಲ್ಲಿ. ನಾನು ಇನ್ನೊಂದು ಮಣೆಯಲ್ಲಿ. ಇಬ್ಬರೂ ಆಕಳಿಸುತ್ತಾ ಕಾಯುತ್ತಿದ್ದೆವು. ಕಾಯಿರಿ ಎಂದು ಯಾರೂ ಹೇಳಿರಲಿಲ್ಲ. ಮಾಮಿ ತನ್ನ ಅತ್ತೆಯನ್ನು ನೋಡಿ ಕಲಿತಿದ್ದರು, ನಾನು ಮಾಮಿಯನ್ನು ನೋಡಿ. ಮಧ್ಯಾಹ್ನ ಹನ್ನೆರಡೂವರೆಗೆ ಶಾಲೆಯಲ್ಲಿ ಬುತ್ತಿ ಉಂಡವಳಿಗೆ ರಾತ್ರಿ ಹತ್ತಕ್ಕೆ ಅನ್ನ. ಒಂದೂವರೆ ವರ್ಷದಲ್ಲಿ ಹೊಟ್ಟೆ ಉರಿ, ಎದೆ ಉರಿ, ತಲೆಸುತ್ತು. ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಎದುರೇ ಕುಸಿದು ಕುಳಿತೆ. ಸಹೋದ್ಯೋಗಿಗಳು ಸಿಹಿಸುದ್ದಿಯೇ ಎಂದು ಕಣ್ಣು ಮಿಟುಕಿಸಿದರು. ಅದು ಬರೀ ಹಸಿವು.

ಆ ಸಂಜೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಆರೂಕಾಲಕ್ಕೆ, ಅನ್ನ ಸಾರು ಕಲಸಿಕೊಂಡು ಉಣ್ಣತೊಡಗಿದೆ. ಮೂರನೆಯ ತುತ್ತಿಗೆ ಮಾಮಿ ಬಂದರು.

"ಇದೆಂತ ಮಾರಾಯ್ತಿ, ಈಗ ಊಟ?"

ಹಸಿವಾಯಿತು ಎನ್ನಬಹುದಿತ್ತು. ಆ ಮಾತು ಬಾಯಿಗೆ ಬರಲೇ ಇಲ್ಲ. ಸೊಸೆಯಾದವಳು ಗಂಡನಿಗಿಂತ ಮೊದಲು ಹಸಿಯುವುದು ದೊಡ್ಡ ಅಪರಾಧವೆಂದು ಅನ್ನಿಸಿತು. ಬಂದದ್ದು ಇದು: "ಒಂದು ಹರಕೆ ಉಂಟು ಮಾಮಿ. ಕತ್ತಲಾದ ಮೇಲೆ ಉಣ್ಲಿಕ್ಕಿಲ್ಲ."

ಯಾವುದಕ್ಕೆ ಎಂದು ಮಾಮಿ ಕೇಳಲಿಲ್ಲ. ನಮ್ಮಲ್ಲಿ ಹರಕೆಯ ಕಾರಣ ಕೆದಕುವುದಿಲ್ಲ. ಮದುವೆಯಾಗಿ ಎರಡು ವರ್ಷವಾಗುತ್ತಾ ಬಂದರೂ ಮಡಿಲು ತುಂಬದ ಸೊಸೆಗೆ ಬೇರೆ ಯಾವ ಹರಕೆ ಇದ್ದೀತು? ಅವರ ಮುಖ ಮೆತ್ತಗಾಯಿತು. ಮಣೆ ಹಾಕಿ, "ನಿಂತು ಉಣ್ಬೇಡ, ಕೂತ್ಕೋ" ಎಂದರು. ಮರುದಿನದಿಂದ ಆರಕ್ಕೆಲ್ಲ ಬಿಸಿ ಅನ್ನ ತಯಾರು. ನಾನು ಶಾಲೆಯಿಂದ ಬರುವುದು ತಡವಾದರೆ ಅವರೇ ಅಂಗಳಕ್ಕಿಳಿದು ಆಕಾಶ ನೋಡುತ್ತಿದ್ದರು. ನಾಲ್ಕು ತಿಂಗಳಲ್ಲಿ ಎದೆ ಉರಿ ಹೋಯಿತು, ಕೆನ್ನೆ ತುಂಬಿತು. ಸುಳ್ಳು ಹೇಳಿ ಇಷ್ಟು ಆರೋಗ್ಯವಂತಳಾದವಳು ನಾನೊಬ್ಬಳೇ ಇರಬೇಕು.

ರಂಜಾನಿನ ತಿಂಗಳಲ್ಲಿ ನನ್ನ ಕೊನೆಯ ತುತ್ತು ಮುಗಿದು ಕೈ ತೊಳೆಯುವ ಹೊತ್ತಿಗೆ ಮಸೀದಿಯ ಬಾಂಗು ಕೇಳುತ್ತಿತ್ತು, ಗೋಡೆಯ ಆಚೆ ಐಸಮ್ಮ ಮೊದಲ ಖರ್ಜೂರ ಬಾಯಿಗಿಡುತ್ತಿದ್ದರು. ಅವರ ಗಂಡ ಗಲ್ಫಿನಲ್ಲಿ. ಬಟ್ಟೆ ಒಣಗಿಸುವಾಗ ನಾವು ಗೋಡೆಯ ಮೇಲಿಂದಲೇ ಊರಿನ ಸುದ್ದಿಯನ್ನೆಲ್ಲ ಮುಗಿಸುತ್ತಿದ್ದೆವು.

ಒಂದು ಮಾತ್ರ ನನಗೆ ವಿಚಿತ್ರವಾಗಿ ಕಂಡಿತ್ತು. ಮಾಮಿಗೆ ಬೂತಾಯಿ ಎಂದರೆ ಜೀವ. ಬಂಗುಡೆ, ಅಂಜಲು ಎಲ್ಲ ಅವರ ಲೆಕ್ಕದಲ್ಲಿ ಬೂತಾಯಿಯ ನಂತರ. ಅಂಥವರು ಒಂದು ದಿನ ಬೂತಾಯಿ ಬಿಟ್ಟರು. ಕೇಳಿದರೆ, "ಈಗ ನನಗೆ ಅದು ನಂಜು ಮಗಾ, ಮೈ ತುರಿಸ್ತದೆ" ಎಂದರು. ನಮ್ಮ ಕಡೆ ನಂಜು ಎಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಅವರೇ ಮಸಾಲೆ ಅರೆದು, ಸಾರು ಮಾಡಿ, ನನ್ನ ಬಟ್ಟಲಿಗೆ ಎರಡು ಹೆಚ್ಚೇ ಹಾಕಿ, ತಾವು ರಾತ್ರಿ ಮಗನೊಟ್ಟಿಗೆ ಕೂತಾಗ ಉಪ್ಪಿನಕಾಯಿ ನೆಕ್ಕಿಕೊಂಡು ಏಳುತ್ತಿದ್ದರು. ನಾನು ಮುಳ್ಳು ಸಹ ಬಿಡದೆ ತಿಂದೆ. ಐದು ವರ್ಷ ತಿಂದೆ.

ಈ ಐದು ವರ್ಷಗಳಲ್ಲಿ ಮಂಗಳೂರಿಗೆ ಹೋಗಿ ಪರೀಕ್ಷೆಗಳೂ ಆದವು. ಮಗುವಾಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ ಎಂದರು. ಆ ದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಬಿ.ಸಿ. ರೋಡಿನವರೆಗೆ ಅಳುತ್ತಾ ಬಂದೆ. ಇವರು ನನ್ನ ಚೀಲ ಹಿಡಿದು ಕುಳಿತಿದ್ದರು. ಮುಂದೆ ನಿಧಾನಕ್ಕೆ ಇಬ್ಬರೂ ಒಪ್ಪಿಕೊಂಡೆವು. ಮಾಮಿಗೆ ಮಾತ್ರ ಹೇಳಲು ಧೈರ್ಯವಾಗಲಿಲ್ಲ. ಅವರು ದಿನಾ ನನ್ನ ಬಟ್ಟಲಿಗೆ ಅನ್ನದ ಜೊತೆ ಆಸೆಯನ್ನೂ ಬಡಿಸುತ್ತಿದ್ದರು.

ಒಂದು ಬೆಳಿಗ್ಗೆ ಬಟ್ಟೆ ಒಣಗಿಸುತ್ತಾ, ಮಾಮಿಯ ನಂಜಿಗೆ ಯಾವುದಾದರೂ ಮದ್ದು ಉಂಟಾ ಎಂದು ಐಸಮ್ಮನನ್ನು ಕೇಳಿದೆ. ಐಸಮ್ಮ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ನನ್ನನ್ನೇ ನೋಡಿದರು.

"ನಂಜೂ ಇಲ್ಲ, ಎಂತ ಸಾವೂ ಇಲ್ಲ ಟೀಚರ್ರೇ. ನಿಮಗೆ ಗೊತ್ತಿಲ್ಲವಾ? ನಿಮಗೆ ಮಗು ಆಗುವವರೆಗೆ ಬೂತಾಯಿ ಮುಟ್ಟುದಿಲ್ಲ ಅಂತ ಅವರು ಹರಕೆ ಹೇಳಿದ್ದು. ನೀವು ಅಷ್ಟು ಕಷ್ಟದ ಹರಕೆ ಮಾಡುವಾಗ ತಾನು ಸುಮ್ಮನೆ ಕೂರುದು ಹೇಗೆ ಅಂತ."

ನನ್ನ ಕೈಯಲ್ಲಿದ್ದ ಸೀರೆ ಮಣ್ಣಿಗೆ ಬಿತ್ತು. ಅದನ್ನು ಮತ್ತೆ ಒಗೆದೆ.

ಆ ಭಾನುವಾರ ಬಸ್ಸು ಹಿಡಿದು ಪುತ್ತಿಗೆಗೆ ಹೋದೆ. ಸುಮತಿಯಮ್ಮನ ಕೂದಲು ಪೂರಾ ಬೆಳ್ಳಗಾಗಿತ್ತು. ಎಲ್ಲ ಕೇಳಿದರು. ಅವರ ಧರ್ಮವನ್ನು ನನ್ನ ಸುಳ್ಳಿಗೆ ಸೇರಿಸಿಕೊಂಡೆನೆಂದು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಹಸಿವಿಗೆ ಹರಕೆಯ ಹೆಸರು ಯಾಕೆ ಟೀಚರ್ರೇ? ಹಸಿವು ಅಂತ ಹೇಳಿದ್ರೆ ಸಾಕಿತ್ತಲ್ಲ" ಎಂದರು ಅಷ್ಟೆ. ಮೂರು ಗಂಟೆಯ ಬಸ್ಸಿನಲ್ಲಿ ಹಿಂದಿರುಗಿದೆ. ಆರಕ್ಕೆ ಮನೆ ಸೇರುವಾಗ ಮಾಮಿ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಒಳಗೆ ಬಟ್ಟಲು ತಯಾರಿತ್ತು, ಬಟ್ಟಲಲ್ಲಿ ಬೂತಾಯಿ ಇತ್ತು.

ಕೂರದೆ ಹೇಳಿದೆ. "ಮಾಮಿ, ನನಗೆ ಹರಕೆ ಅಂತ ಯಾವುದೂ ಇರ್ಲಿಲ್ಲ. ಹಸಿವಾಗ್ತಿತ್ತು. ಹೇಳ್ಲಿಕ್ಕೆ ಹೆದರಿಕೆಯಾಗಿ ಸುಳ್ಳು ಹೇಳಿದೆ."

ಮಾಮಿ ಸೌಟು ಕೆಳಗಿಟ್ಟರು. "ದೇವರಿಗೆ ಹೇಳಿಯೇ ಇಲ್ಲವಾ?"

"ಇಲ್ಲ."

"ಮಗುವಿನ ವಿಷಯ?"

ಮಂಗಳೂರಿನ ಡಾಕ್ಟರು ಹೇಳಿದ್ದನ್ನು ಪೂರಾ ಹೇಳಿದೆ. ಇದು ಯಾರ ತಪ್ಪೂ ಅಲ್ಲ, ಯಾರು ಏನು ಮಾಡಿದ್ದರೂ ಇಷ್ಟೇ ಎಂದೆ. ಮಾಮಿ ಗೋಡೆಗೆ ಒರಗಿ ಕುಳಿತರು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ. ಅವರು ಸೆರಗು ಬಾಯಿಗೆ ಹಿಡಿದು ಬಿಕ್ಕಿದರು.

"ನಾನು ಒಂದು ಸಲ ತಿಂದಿದ್ದೆ ಮಗಾ. ಬೆಳ್ತಂಗಡಿಯಲ್ಲಿ, ತಂಗಿಯ ಮನೆಯಲ್ಲಿ. ಒಂದೇ ಒಂದು ತುಂಡು, ಆಸೆ ತಡೀಲಿಕ್ಕಾಗದೆ. ಯಾರೂ ನೋಡ್ಲಿಲ್ಲ. ಅದರಿಂದಲೇ ನಿನಗೆ ಆಗ್ಲಿಲ್ಲ ಅಂತ ಎಣಿಸಿದ್ದೆ. ಮೂರು ವರ್ಷದಿಂದ ನಿನ್ನ ಮುಖ ನೋಡ್ಲಿಕ್ಕೆ ನನಗೆ ಆಗ್ತಿರ್ಲಿಲ್ಲ."

ನನ್ನ ಒಂದು ಹೊತ್ತಿನ ಬಿಸಿ ಅನ್ನಕ್ಕಾಗಿ ಈ ಹೆಂಗಸು ಮೊಮ್ಮಗುವನ್ನು ತಾನೇ ಕಳೆದೆನೆಂದು ಮೂರು ವರ್ಷ ಒಳಗೊಳಗೇ ಬೆಂದಿದ್ದರು. ಅವರ ಪಕ್ಕ ಕುಳಿತು ಕೈ ಹಿಡಿದೆ. ಇಬ್ಬರೂ ಸಾಕಷ್ಟು ಅತ್ತೆವು. ಕೊನೆಗೆ ಮಾಮಿ ಮೂಗು ಒರೆಸಿಕೊಂಡು, ಬಟ್ಟಲಿನ ಕಡೆ ನೋಡಿ, "ಐದು ವರ್ಷ ಮಾರಾಯ್ತಿ! ನನ್ನ ಐದು ವರ್ಷದ ಬೂತಾಯಿ!" ಎಂದು ನನ್ನ ಬೆನ್ನಿಗೊಂದು ಗುದ್ದಿದರು. ಅಳು ಅಲ್ಲಿಂದ ಹೇಗೆ ನಗುವಾಯಿತೋ ತಿಳಿಯದು.

ಆದರೂ ಆ ಸಂಜೆ ಅವರು ತಿನ್ನಲಿಲ್ಲ. ಹೇಳಿದ ಹರಕೆ ಹೇಳಿದ್ದೇ. ಮರುದಿನ ಬೆಳಿಗ್ಗೆ ಇಬ್ಬರೂ ಊರಿನ ದೈವದ ಗುಡಿಗೆ ಹೋಗಿ ತಪ್ಪುಕಾಣಿಕೆ ಇಟ್ಟೆವು. "ಇವಳದ್ದು ಸುಳ್ಳಿನ ತಪ್ಪು, ನನ್ನದು ಬಾಯಿಯ ತಪ್ಪು, ಎರಡನ್ನೂ ಒಟ್ಟಿಗೆ ಹೊಟ್ಟೆಗೆ ಹಾಕಿಕೊಳ್ಬೇಕು" ಎಂದು ಮಾಮಿ ದೈವಕ್ಕೆ ವಿವರವಾಗಿ ಹೇಳಿದರು. ದಾರಿಯಲ್ಲೇ ಮೀನು ಕೊಂಡೆವು.

ಸುದ್ದಿ ಕೇಳಿದ ಇವರು ತಲೆ ಕೆರೆದುಕೊಂಡರು. "ಕಾಯಿರಿ ಅಂತ ನಾನು ಯಾವಾಗ ಹೇಳಿದೆ? ಏಳಕ್ಕೇ ಹೋಟೆಲಿನಲ್ಲಿ ಗೋಳಿಬಜೆ, ಚಾ ಆಗ್ತದೆ. ಅಮ್ಮ ಹಸಿದು ಕಾಯ್ತಾರಲ್ಲ ಅಂತ ಬೇಡದಿದ್ದರೂ ಬಂದು ಉಣ್ಣುದು ನಾನು!" ಅಂತೂ ಯಾರಿಗೂ ಬೇಡದ ಒಂದು ಊಟಕ್ಕೆ ಇಡೀ ಮನೆ ಹಸಿದು ಕುಳಿತಿತ್ತು.

ಆ ಸಂಜೆ ಮಾಮಿ ಅರುವತ್ತರ ಪ್ರಾಯದಲ್ಲಿ ಮೊದಲ ಬಾರಿ ಯಾರಿಗೂ ಕಾಯದೆ ಊಟಕ್ಕೆ ಕುಳಿತರು. ಮೊದಲ ಬೂತಾಯಿಯನ್ನು ಕಣ್ಣು ಮುಚ್ಚಿ ತಿಂದರು. ಮತ್ತೆ ಇಪ್ಪತ್ತು ವರ್ಷ ನಾವಿಬ್ಬರೂ ಆರೂಕಾಲಕ್ಕೆ ಒಟ್ಟಿಗೆ ಉಂಡೆವು. ಇವರ ಬಟ್ಟಲು ಕವುಚಿ ಇರುತ್ತಿತ್ತು.

ಹೋದ ವರ್ಷ ಮಾಮಿ ತೀರಿಕೊಂಡರು. ಅಷ್ಟರಲ್ಲಿ ನನಗೆ ಶಾಲೆಯೂ ಮುಗಿದಿತ್ತು. ಎದುರಿನ ಮಣೆ ಖಾಲಿ ಇರುವಾಗ ಆರೂಕಾಲಕ್ಕೆ ಕೂರಲು ಮನಸ್ಸಾಗಲಿಲ್ಲ. ಇವತ್ತು ಏಳು, ನಾಳೆ ಎಂಟು ಎನ್ನುತ್ತಾ ಮತ್ತೆ ಒಂಬತ್ತೂವರೆಗೆ ಬಂದು ನಿಂತೆ. ಇವರಿಗೆ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ನೋಡಿ, ಈ ಪ್ರಾಯದಲ್ಲೂ ನನಗೆ ನನ್ನ ಹಸಿವನ್ನು ಹೆಸರು ಹಿಡಿದು ಕರೆಯಲು ಬರುವುದಿಲ್ಲ.

ಬೂತಾಯಿಯ ಪರಿಮಳ ಇನ್ನೂ ಬರುತ್ತಲೇ ಇದೆ. ಹಿತ್ತಿಲಿಗೆ ಹೋಗಿ ಗೋಡೆಯ ಹತ್ತಿರ ನಿಂತೆ.

"ಐಸಮ್ಮಾ, ಹಸಿವಾಗ್ತಾ ಉಂಟು."

ಗೋಡೆಯಾಚೆ ಅವರ ತಲೆ ಕಾಣಿಸಿತು. ಒಳಗೆ ಹೋಗಿ ಬಾಳೆಲೆಯ ತುಂಡಿನಲ್ಲಿ ಎರಡು ಬೂತಾಯಿ ಇಟ್ಟು ತಂದು ಗೋಡೆಯ ಮೇಲಿಟ್ಟರು. "ಬಿಸಿ ಉಂಟು, ಬೇಗ ಹೋಗಿ ಉಣ್ಣಿ" ಎಂದರು.

ಒಳಗೆ ಬಂದು ಇವರ ಬಟ್ಟಲು ಕವುಚಿ ಹಾಕಿದೆ. ಮಣೆ ಎಳೆದುಕೊಂಡು ಕುಳಿತೆ. ಕಿಟಕಿಯಲ್ಲಿ ಇನ್ನೂ ಸ್ವಲ್ಪ ಬಿಸಿಲಿತ್ತು. ಉಂಡೆ.