ಕೋಬೆಯಲ್ಲಿ ಕಲಿತ ಕೈ

ಉಪ್ಪುಂದದ ಗೋವರ್ಧನ ಹಡಗಿನ ಅಡುಗೆಮನೆ ಸೇರಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಮನೆಯವರೆಲ್ಲ ಕಡಲಿಗೆ ಬಲೆ ಬೀಸಿ ಬದುಕಿದವರು. ಇವನೊಬ್ಬ ಬೊಂಬಾಯಿಗೆ ಹೋಗಿ, ಸರಕಿನ ಹಡಗೊಂದರಲ್ಲಿ ಅಡುಗೆ ಮಾಡುತ್ತ ಏಳು ವರ್ಷ ಕಳೆದ. 1958ರಲ್ಲಿ ಹಡಗು ಜಪಾನಿನ ಕೋಬೆ ಬಂದರಿನಲ್ಲಿ ನಿಂತಿದ್ದಾಗ, ಕುದಿಯುವ ಎಣ್ಣೆಯ ಬಾಣಲೆ ಮಗುಚಿ ಅವನ ಬಲಗೈ ಭುಜದವರೆಗೂ ಸುಟ್ಟಿತು. ಹಡಗು ಅವನಿಗಾಗಿ ಕಾಯಲಿಲ್ಲ. ಮೂರು ವಾರ ಅಲ್ಲಿನ ಆಸ್ಪತ್ರೆಯಲ್ಲಿದ್ದ. ಆಮೇಲೆ ಕಂಪೆನಿಯ ಏಜೆಂಟರು, ಮುಂದಿನ ಹಡಗು ಬರುವವರೆಗೆ ಇರಲಿ ಎಂದು, ಬಂದರಿನ ಹತ್ತಿರ ಒಬ್ಬ ಅಜ್ಜಿಯ ಮನೆಯಲ್ಲಿ ಬಿಟ್ಟುಹೋದರು.

ಇವನ ಮಾತು ಅವಳಿಗೆ ತಿಳಿಯದು, ಅವಳದ್ದು ಇವನಿಗೆ. ಗಾಯವೇನೋ ಒಣಗುತ್ತಿತ್ತು. ಆದರೆ ಕಣ್ಣು ಮುಚ್ಚಿದರೆ ಸಾಕು, ಎಣ್ಣೆ ಮತ್ತೆ ಮೈಮೇಲೆ ಬಿದ್ದಂತಾಗಿ ಬೆಚ್ಚಿ ಏಳುತ್ತಿದ್ದ. ಅಜ್ಜಿ ಎರಡು ದಿನ ನೋಡಿದಳು. ಮೂರನೇ ದಿನ ಬೆಳಿಗ್ಗೆ ಅವನ ಹಿಂದೆ ಮಂಡಿಯೂರಿ ಕುಳಿತು ಎರಡೂ ಅಂಗೈಯನ್ನು ಅವನ ಬೆನ್ನ ಮೇಲಿಟ್ಟಳು. ತಿಕ್ಕಲಿಲ್ಲ, ಒತ್ತಲಿಲ್ಲ, ಮಂತ್ರವನ್ನೂ ಹೇಳಲಿಲ್ಲ. ಗೋವರ್ಧನನಿಗೆ ಮೊದಲು ಮುಜುಗರವಾಯಿತು, ಆಮೇಲೆ ಬೇಸರ ಬಂತು. ಸ್ವಲ್ಪ ಹೊತ್ತಾದ ಮೇಲೆ ಅವಳ ಕೈಯಿಂದ ಬಿಸಿನೀರಿನ ಚೊಂಬು ತಾಗಿಸಿದಂಥ ಬಿಸುಪು ಇಳಿಯತೊಡಗಿತು. ಎಷ್ಟೋ ದಿನಗಳಿಂದ ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಂಡಿದ್ದ ಉಸಿರು ಹೊಟ್ಟೆಯವರೆಗೆ ಹೋಯಿತು. ಕೂತಲ್ಲೇ ನಿದ್ದೆ ಬಂತು.

ಅವಳು ಅದಕ್ಕೆ ‘ರೇಕಿ’ ಎನ್ನುತ್ತಿದ್ದಳು. ಎರಡು ತಿಂಗಳು ದಿನವೂ ನಡೆಯಿತು. ಕೊನೆಕೊನೆಗೆ ಅವನ ಕೈಗಳನ್ನು ತನ್ನ ಊದಿದ ಮೊಣಕಾಲ ಮೇಲಿಟ್ಟುಕೊಂಡು ಅವನಿಗೂ ಕಲಿಸಿದಳು. ಕಲಿಸಿದ್ದು ಎಂದರೆ ಇಷ್ಟೇ: ಕೈಯಿಡು, ಅವಸರ ಮಾಡಬೇಡ, ನಿನ್ನ ಮನಸ್ಸು ಎಲ್ಲೆಲ್ಲಿಗೋ ಹೋದರೆ ಕರೆದುಕೊಂಡು ಬಾ. ಅದನ್ನೂ ಸನ್ನೆಯಲ್ಲೇ ಹೇಳಿದ್ದು.

ಮರುವರ್ಷ ಗೋವರ್ಧನ ಊರಿಗೆ ಬಂದ. ಬಲಗೈ ಪೂರ್ತಿ ಚಾಚುತ್ತಿರಲಿಲ್ಲವಾದ್ದರಿಂದ ಹಡಗಿನ ಕೆಲಸ ಮುಗಿದಂತೆಯೇ. ಮನೆಯ ಜಗಲಿಯಲ್ಲಿ ಕೂತು ಹರಿದ ಬಲೆಗಳನ್ನು ಸರಿಮಾಡಿಕೊಡುವ ಕೆಲಸ ಹಿಡಿದ. ಸುಗುಣಳನ್ನು ಮದುವೆಯಾದದ್ದೂ ಆ ವರ್ಷವೇ. ಬೆಳಿಗ್ಗೆ ಎದ್ದವನೇ ಎಡಗೈಯನ್ನು ಸುಟ್ಟ ತೋಳಿನ ಮೇಲಿಟ್ಟು ಅರ್ಧ ತಾಸು ಸುಮ್ಮನೆ ಕೂರುತ್ತಿದ್ದ. ತಾಯಿ ಬಾಗಿಗೆ ಇದು ಹಿಡಿಸಲಿಲ್ಲ. ಮಗನ ತಲೆ ಪರದೇಶದಲ್ಲಿ ಎಲ್ಲೋ ಸಡಿಲವಾಗಿದೆ ಎಂದು ಅವಳು ನೆರೆಮನೆಯವರ ಹತ್ತಿರ ಹೇಳಿಕೊಂಡದ್ದುಂಟು.

1962ರ ಮಳೆಗಾಲ ಕಳೆದು ದೋಣಿಗಳು ನೀರಿಗಿಳಿದ ವಾರವೇ ತಂಗಿ ಜಲಜಳ ಗಂಡನ ದೋಣಿ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಗುಚಿತು. ಹೆಣ ಎರಡನೇ ದಿನ ಸಿಕ್ಕಿತು. ಜಲಜ ತವರಿಗೆ ಬಂದಳು. ಅಳಲಿಲ್ಲ, ಮಲಗಲಿಲ್ಲ, ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತ ಕೂತಳು. ಡಾಕ್ಟರು ಕೊಟ್ಟ ಗುಳಿಗೆಯಿಂದ ಮಂಕಾದಳೇ ಹೊರತು ನಿದ್ದೆ ಬರಲಿಲ್ಲ. ದೇವರ ಪ್ರಸಾದ, ನೂಲು ಕಟ್ಟಿಸಿದ್ದು ಎಲ್ಲ ಆಯಿತು.

ಗೋವರ್ಧನ ಅವಳ ಹಿಂದೆ ಕೂತು ಹೆಗಲ ಮೇಲೆ ಕೈಯಿಟ್ಟ. ಒಣಗಿದ ಮರ ಮುಟ್ಟಿದಂತಿತ್ತು. ನಾಲ್ಕು ದಿನ ಹಾಗೇ ಹೋಯಿತು. ಐದನೇ ದಿನ ಅವಳ ಭುಜ ಒಂದು ಬೆರಳಿನಷ್ಟು ಕೆಳಗಿಳಿದದ್ದು ಅವನ ಅಂಗೈಗೆ ತಿಳಿಯಿತು. ಎಂಟನೇ ದಿನ, ಬಿಸಿಲೇರುವ ಹೊತ್ತಿಗೆ, ಅವಳು ಹಾಗೇ ಹಿಂದಕ್ಕೆ ವಾಲಿ ಅವನ ಎದೆಗೊರಗಿ ನಿದ್ದೆಹೋದಳು. ಸಂಜೆ ಎದ್ದು, “ಅಣ್ಣ, ಗಂಜಿ ಇತ್ತಾ?” ಎಂದು ಕೇಳಿದಳು. ಎರಡು ತುತ್ತು ಉಂಡ ಮೇಲೆ ಅಳು ಶುರುವಾಯಿತು. ಮನೆಯವರು ಹೆದರಿದರು. ಗೋವರ್ಧನನಿಗೆ ಮಾತ್ರ ಸಮಾಧಾನವಾಯಿತು.

ಸುದ್ದಿಗೆ ಕಾಲು ಬಂತು. ಗೋವರ್ಧನ ಜಪಾನಿನ ಮಂತ್ರ ಕಲಿತು ಬಂದಿದ್ದಾನೆ ಎಂದು ಬೈಂದೂರಿನಿಂದಲೂ ಜನ ಬರತೊಡಗಿದರು. ತಲೆನೋವು, ನಿದ್ದೆಯಿಲ್ಲದ್ದು, ಎದೆ ಡವಗುಟ್ಟುವುದು ಇವೆಲ್ಲ ಬಹಳ ಮಂದಿಗೆ ಹಗುರಾಗುತ್ತಿದ್ದವು. ಜ್ವರ ಇಳಿಯುತ್ತಿರಲಿಲ್ಲ. ಕುಷ್ಟ ಎಂಬ ಮುದುಕನ ಕೈನಡುಕ ಹಾಗೆಯೇ ಉಳಿಯಿತು. ಆದರೆ ಬಂದುಹೋದ ದಿನ ಅವನು ಸೊಸೆಗೆ ಬೈಯುವುದಿಲ್ಲ ಎಂದು ಸೊಸೆಯೇ ಅವನನ್ನು ಎಬ್ಬಿಸಿ ಕಳಿಸುತ್ತಿದ್ದಳು. ಗೋವರ್ಧನ ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಜನ ‘ನಿಮ್ಮ ಕೈಗುಣ’ ಎಂದಾಗ ಒಳಗೊಳಗೇ ಹಿಗ್ಗುತ್ತಿದ್ದ. ತನ್ನ ಕೈಯಿಂದ ಆಗದ್ದು ಯಾವುದು ಎಂದು ಕೇಳಿಕೊಳ್ಳುವುದನ್ನೇ ಮರೆತ.

1965ರಲ್ಲಿ ಮೀನು ಮಾರುವ ಮುತ್ತುವನ್ನು ಅವಳ ಗಂಡ ಸುಬ್ಬ ಕರೆದುಕೊಂಡು ಬಂದ. ಹೊಕ್ಕುಳ ಹತ್ತಿರ ಶುರುವಾದ ನೋವು ಬಲಕ್ಕಿಳಿದು ನಿಂತಿತ್ತು. ಕುಂದಾಪುರದ ಆಸ್ಪತ್ರೆಗೆ ಹೋಗೋಣವೇ ಎಂದು ಸುಬ್ಬ ಕೇಳಿದ. ಮೊದಲು ನೋಡುವ ಎಂದ ಗೋವರ್ಧನ. ಕೈಯಿಟ್ಟ ಮೇಲೆ ನೋವು ಮಂದವಾಯಿತು. ಮರುದಿನವೂ ಹಾಗೇ. ಮೂರನೇ ದಿನ ಮಧ್ಯಾಹ್ನ ನೋವು ಫಕ್ಕನೆ ನಿಂತೇಹೋಯಿತು. ಸುಬ್ಬ ಅವನ ಕಾಲು ಮುಟ್ಟಲು ಬಂದ. ಸಂಜೆಯಾಗುವಾಗ ಮುತ್ತುವಿನ ಮೈ ಕೆಂಡವಾಗಿ, ಹೊಟ್ಟೆ ಹಲಗೆಯಂತೆ ಗಟ್ಟಿಯಾಯಿತು.

ಬಾಡಿಗೆ ಕಾರಿನಲ್ಲಿ ಕುಂದಾಪುರದ ಆಸ್ಪತ್ರೆಗೆ ಸಾಗಿಸಿದರು. ಕರುಳಿನ ಬಾಲ, ಅಪೆಂಡಿಕ್ಸು, ಕೊಳೆತು ಒಡೆದಿತ್ತು. ನೋವು ಫಕ್ಕನೆ ನಿಂತದ್ದು ಅದು ಒಡೆದಾಗಲೇ. ಆಪರೇಶನ್ ಆಗಿ ಅವಳು ಬದುಕಿದ್ದೇ ದೊಡ್ಡದು. ನಾಲ್ಕನೇ ದಿನ, ಅವಳನ್ನು ನೋಡಲು ಹೋಗಿದ್ದ ಗೋವರ್ಧನನನ್ನು ಡಾಕ್ಟರು ಒಳಗೆ ಕರೆದರು. ಬೈಯುತ್ತಾರೆ ಎಂದುಕೊಂಡಿದ್ದ. ಅವರು ಬೈಯಲಿಲ್ಲ.

“ನೋವು ಕಡಿಮೆ ಮಾಡಿದ್ದು ನೀವೇ ಅಲ್ಲವಾ?”

“ಹೌದು.”

“ಹೊಟ್ಟೆ ಕೂಗಿ ಹೇಳ್ತಾ ಇತ್ತು. ನೀವು ಅದರ ಬಾಯಿ ಮುಚ್ಚಿದ್ರಿ.”

ಗೋವರ್ಧನ ಊರಿಗೆ ಬಂದು ಬಲೆಯ ಮುಂದೆ ಕೂತ. ಬಂದವರನ್ನೆಲ್ಲ ವಾಪಸು ಕಳಿಸಿದ. ತನ್ನ ತೋಳಿನ ಮೇಲೆ ಕೈಯಿಟ್ಟು ಕೂರುವುದನ್ನೂ ಬಿಟ್ಟ. ಕೆಲವೇ ತಿಂಗಳಲ್ಲಿ ತೋಳು ಇನ್ನಷ್ಟು ಬಿಗಿಯಿತು. ಸಣ್ಣ ಮಾತಿಗೂ ಹೆಂಡತಿ ಸುಗುಣಳ ಮೇಲೆ ಸಿಡುಕುತ್ತಿದ್ದ. ಇಷ್ಟು ವರ್ಷ ಬೇರೆಯವರನ್ನು ಸಮಾಧಾನ ಮಾಡುತ್ತ ಕೂತಾಗ ತನಗೂ ಸಮಾಧಾನ ಸಿಗುತ್ತಿತ್ತು ಎಂಬುದು ಅದು ತಪ್ಪಿಹೋದ ಮೇಲೆ ಅವನಿಗೆ ಗೊತ್ತಾಯಿತು.

ಒಂದು ವರ್ಷ ಕಳೆದ ಮೇಲೆ ಮುತ್ತು ಬಂದಳು, ಒಬ್ಬಳೇ. ಗಾಯ ಮಾದಿತ್ತು. ಆದರೆ ಹೊಟ್ಟೆಯಲ್ಲಿ ಚೂರು ಚುಳುಕ್ ಎಂದರೂ ಅವಳ ಕೈಕಾಲು ತಣ್ಣಗಾಗುತ್ತಿತ್ತು. ಬುಟ್ಟಿ ಹೊತ್ತು ಹೊರಟವಳು ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದಳು. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದಿದ್ದರು.

ಗೋವರ್ಧನ ಆಗುವುದಿಲ್ಲ ಎಂದ. ಅವಳು ಎದ್ದು ಹೋಗಲಿಲ್ಲ.

“ಊರಿನವ್ರ್ ಎಂತ ಬೇಕಾರೂ ಹೇಳ್ಲಿ, ಗೋವರ್ಧನಣ್ಣ. ಡಾಕ್ಟ್ರ್ ಹೊಟ್ಟಿ ಹೊಲ್ದ್ ಕೊಟ್ರ್. ಹೆದ್ರಿಕಿ ಇನ್ನೂ ಒಳಗೇ ಇತ್ತ್. ಅದನ್ನ್ ನಾನ್ ಯಾರ್ ಹತ್ರ ತಕಂಡ್ ಹೋಪ್ದ್?”

ಅವನು ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟ. ಆಮೇಲೆ ಕೇಳಿದ: “ಮತ್ತೆ ನೋವ್ ಬಂದ್ರೆ ಸೀದಾ ಡಾಕ್ಟ್ರ್ ಹತ್ರ ಹೋಯ್ಕ್. ನನ್ನ್ ಹತ್ರ ಅಲ್ಲ. ಒಪ್ತ್ಯಾ?”

ಅವಳು ಒಪ್ಪಿದಳು. ಅವನು ಅವಳ ಹಿಂದೆ ಕೂತು ಕೈಯಿಟ್ಟ. ತಿಂಗಳೊಪ್ಪತ್ತಿನಲ್ಲಿ ಮುತ್ತು ಬುಟ್ಟಿ ಹೊತ್ತು ಪೇಟೆಯವರೆಗೂ ಹೋಗಿಬಂದಳು.

ಆಮೇಲೆ ಅವನದ್ದು ಒಂದೇ ಕಟ್ಟುನಿಟ್ಟು. ಯಾರೇ ಬರಲಿ, ಮೊದಲು ಡಾಕ್ಟರ ಚೀಟಿ ತೋರಿಸಬೇಕು. ಚೀಟಿ ಕೇಳುವ ಮಂತ್ರವಾದಿ ಎಂದು ಕೆಲವರು ನಕ್ಕರು, ಹಲವರು ಬರುವುದನ್ನೇ ನಿಲ್ಲಿಸಿದರು. ಕೈಯಿಂದ ಏನು ಹರಿದು ಹೋಗುತ್ತದೆ ಎಂದು ಯಾರಾದರೂ ಕೇಳಿದರೆ, ತನಗೆ ಗೊತ್ತಿಲ್ಲ ಎನ್ನುತ್ತಿದ್ದ. ಕೈ ಬೆಚ್ಚಗಾಗುತ್ತದೆ, ಎದುರಿನವರ ಉಸಿರು ಇಳಿಯುತ್ತದೆ, ಅಷ್ಟು ನಿಜ. ರೋಗ ಗುಣಮಾಡುವ ಕೆಲಸ ಬೇರೆ, ರೋಗದವನ ಹತ್ತಿರ ಕೂರುವ ಕೆಲಸ ಬೇರೆ, ತನಗೆ ಬರುವುದು ಎರಡನೆಯದು ಎಂದು ವಿವರಿಸುತ್ತಿದ್ದ.

1971ರ ಒಂದು ಬೆಳಿಗ್ಗೆ ಹಂಗಾರಕಟ್ಟೆಯಿಂದ ಗುಡ್ಡ ಎಂಬ ದೋಣಿ ಕಟ್ಟುವವನು ಬಂದ. ಎದೆಯಲ್ಲಿ ಕಲ್ಲಿಟ್ಟಂತೆ ಭಾರ, ಎಡಗೈ ಜೋಮು. ಕುಂದಾಪುರ ದಾಟಿ ಇಷ್ಟು ದೂರ ಬಸ್ಸಿನಲ್ಲಿ ಬಂದಿದ್ದಾನೆ, ಚೀಟಿಯಿಲ್ಲ. ಆಸ್ಪತ್ರೆಯೆಂದರೆ ಭಯ. ಗೋವರ್ಧನ ವಾದ ಮಾಡಲಿಲ್ಲ. ಅಂಗಿ ಹಾಕಿಕೊಂಡು, ಅವನನ್ನು ಬಾಡಿಗೆ ಕಾರಿನಲ್ಲಿ ಕೂರಿಸಿ ತಾನೂ ಜೊತೆಗೆ ಹೊರಟ. ದಾರಿಯುದ್ದಕ್ಕೂ ಅವನ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ. ಕುಂದಾಪುರದ ಆಸ್ಪತ್ರೆಯಲ್ಲಿ ಗುಡ್ಡ ಮಂಚದಿಂದ ಏಳಲು ನೋಡಿದಾಗಲೂ ಕೈ ಅಲ್ಲೇ ಇತ್ತು. ಅಂದು ಮುತ್ತುವನ್ನು ನೋಡಿದ್ದ ಡಾಕ್ಟರೇ ಸೂಜಿ ಹಿಡಿದು ಬಂದರು. ಗೋವರ್ಧನ ಗುರುತು ಹಿಡಿದು ಸರಿದು ನಿಲ್ಲಲು ಹೋದ.

“ಬೇಡ, ಅಲ್ಲೇ ಇರ್ಲಿ,” ಎಂದರು ಡಾಕ್ಟರು. “ಅಲುಗಾಡದ ಹಾಗೆ ನೋಡ್ಕೊಳ್ಳಿ.”

ಗುಡ್ಡನಿಗೆ ಆಗಿದ್ದು ಹೃದಯಾಘಾತ. ಹನ್ನೆರಡು ದಿನ ಇಟ್ಟುಕೊಂಡು ಕಳಿಸಿದರು. ಆ ದಿನ ಸೂಜಿ ಕೊಟ್ಟಾದ ಮೇಲೆ ಅವನ ಮನೆಯವರು ಬರುವವರೆಗೂ ಗೋವರ್ಧನ ಪಕ್ಕದಲ್ಲೇ ಇದ್ದ. ಆಮೇಲೆ ನಾಲ್ಕು ಗಂಟೆಯ ಬಸ್ಸು ಹಿಡಿದ. ಸೀಟು ಸಿಗದೆ, ಚಾಚಲಾಗದ ಬಲಗೈ ಇಳಿಬಿಟ್ಟು, ಎಡಗೈಯಲ್ಲಿ ಸರಳು ಹಿಡಿದು, ನಿಂತುಕೊಂಡೇ ಉಪ್ಪುಂದಕ್ಕೆ ಬಂದ.