ಮಾದಮ್ಮನ ಬಾವಿಗೆ ಕೆಂಪು ಬಣ್ಣ

ಗೆಳೆಯರೇ, ಪಕ್ಕದ ಮನೆಯ ಮಾದಮ್ಮನನ್ನು ಕಂಡು ಇವತ್ತು ನನಗೆ ಹೊಟ್ಟೆಕಿಚ್ಚು. ನಮ್ಮೂರ ಕೆರೆದಂಡೆಯಲ್ಲಿ ಗೆದ್ದಲು ಹಿಡಿಯದಿರಲೆಂದು ಮರದ ಕಂಬಗಳಿಗೆ ಡಾಂಬರಿನಂಥ ಔಷಧಿ ಹಾಕುತ್ತಿದ್ದ ಕಾರ್ಖಾನೆ ಮುಚ್ಚಿದೆ, ಅದರ ವಿಷ ಮಾತ್ರ ನೆಲದಲ್ಲೇ ಉಳಿದಿದೆ. ಬೆಳಿಗ್ಗೆ ಅಧಿಕಾರಿಗಳು ಬಂದು ಅವಳ ಬಾವಿ ಕೆಟ್ಟಿದೆಯೆಂದು ಕೆಂಪು ಬಣ್ಣ ಬಳಿದರು. ನಮ್ಮ ಬಾವಿಯನ್ನು ಇಣುಕಿಯೂ ನೋಡಲಿಲ್ಲ. ಮಧ್ಯಾಹ್ನ ಅವಳ ಬಾಗಿಲಿಗೇ ಟ್ಯಾಂಕರ್ ನೀರು ಬಂತು! ನಾನೂ ಕೊಡ ಹಿಡಿದು ಓಡಿದೆ.

“ಕೆಂಪು ಬಳ್ದಿರೋ ಬಾವಿಯವ್ರಿಗೆ ಮಾತ್ರ ಕಣಮ್ಮಾ,” ಎಂದ ಡ್ರೈವರ್.

“ಅಂಗಾರೆ ನಮ್ ಬಾವಿ ನೀರ್ನ ಒಂದ್ ಲೋಟ ಕುಡ್ದು ಓಗಪ್ಪಾ,” ಎಂದೆ.

ನಾನು ತಂದುಕೊಟ್ಟ ಲೋಟ ಮೂಸಿದವನು ಡಾಂಬರಿನ ವಾಸನೆಗೆ ಮುಖ ಕಿವುಚಿದ. ಆದರೂ ನನ್ನ ಕೊಡಕ್ಕೆ ನೀರು ಬಿಡಲಿಲ್ಲ.

“ನನ್ ಪಾಲಲ್ಲೇ ಒಂದ್ ಕೊಡ ತಕೊಳಕ್ಕಾ,” ಎಂದಳು ಮಾದಮ್ಮ.

ತಂದು ಕುಡಿದೆ. ನೀರು ಬಲು ರುಚಿಯಾಗಿತ್ತು. ಹೊಟ್ಟೆ ಇನ್ನಷ್ಟು ಉರಿಯಿತು.