ಭಾವನ ಜರ್ಮನ್ ಸ್ಪ್ಯಾನರ್

ಮಾರಾಯ್ರೆ, ಚೆನ್ನೈ ಪುರಸೈವಾಕ್ಕಂನ ನಮ್ಮ ಹೋಟೆಲಲ್ಲಿ ಇವತ್ತು ದೋಸೆಗೆ ರುಬ್ಬುವಾಗಲೇ ಗ್ರೈಂಡರಿನ ಬೆಲ್ಟ್ ಹರಿಯಿತು. ಮೆಕ್ಯಾನಿಕ್ ಸೆಲ್ವಂ ಬಂದ, ಕೈಯಲ್ಲಿ ಅಂಬತ್ತೂರಲ್ಲಿ ಮಾಡಿದ ಹಳೇ ಕರಿ ಸ್ಪ್ಯಾನರ್. ನೋಡಿದ್ದೇ ನಮ್ಮ ಭಾವ ಮೂಗು ಮುರಿದರು.

"ಲೋಕಲ್ ಮಾಲು! ನಟ್ಟು ಸವೆದು ಹೋಗ್ತದೆ. ನನ್ನ ಹತ್ರ ಜರ್ಮನಿಯದ್ದುಂಟು, ಇದರ ಇಪ್ಪತ್ತು ಪಟ್ಟು ರೇಟು."

ಮನೆಗೆ ಓಡಿ ವೆಲ್ವೆಟ್ ಪೆಟ್ಟಿಗೆ ತಂದರು. ಸೆಲ್ವಂ "ಕುಡುಂಗ ಸಾರ್" ಅಂತ ಕೈ ಚಾಚಿದ. ಭಾವ ಪೆಟ್ಟಿಗೆಯನ್ನೇ ಹಿಂದಕ್ಕೆಳೆದರು.

"ಗ್ರೀಸ್ ಕೈಯಲ್ಲಿ ಮುಟ್ಟಬೇಡ, ಗೀರು ಬೀಳ್ತದೆ!"

ಸೆಲ್ವಂ ತನ್ನ ಕರಿ ಸ್ಪ್ಯಾನರಲ್ಲೇ ನಟ್ಟು ಬಿಚ್ಚಿ, ಹೊಸ ಬೆಲ್ಟ್ ಹಾಕಿದ. ಗ್ರೈಂಡರ್ ತಿರುಗಿತು. ಆಗ ಭಾವ ತಮ್ಮ ಸ್ಪ್ಯಾನರನ್ನು ಒರೆಸಿ ನನ್ನ ಮುಖದ ಮುಂದೆ ಹಿಡಿದರು.

"ನೋಡು ಮಾರಾಯ, ಹತ್ತು ವರ್ಷದಲ್ಲಿ ಒಂದು ಗೀರಿಲ್ಲ. ಕ್ವಾಲಿಟಿ ಅಂದ್ರೆ ಇದು!"

ಹೌದು ಭಾವ, ನಿಮ್ಮ ಕೈಯಲ್ಲೂ ಒಂದು ಗೀರಿಲ್ಲ.